ಕ್ಲೀನರ್ ಸೈಡಿನ ಕಣ್ಣು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ತುಸು ಒಳಗೆ ಒಂದು ಮನೆ. ಅಂಗಳದಲ್ಲಿ ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಅದರ ಮುಂದೆ ಇಬ್ಬರು. ಒಬ್ಬರು ಸೋದರಮಾವ, ಬಹಳ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿ ಈಗ ತೋಟ ನೋಡಿಕೊಂಡಿರುವವರು. ಇನ್ನೊಬ್ಬಳು ಸೊಸೆ, ಶಿವಮೊಗ್ಗದಲ್ಲಿ ಕೆಲಸ, ಶನಿವಾರ ಅಂತ ಬಂದಿದ್ದಾಳೆ. ಕಾರು ಅವಳದು.

— ಮಾವ, ನಿಮ್ಮ ಸ್ಪ್ಯಾನರ್ ಪೆಟ್ಟಿಗೆ ಎಲ್ಲಿ?

— ಕೊಟ್ಟಿಗೆ ಅಟ್ಟದ ಮೇಲೆ. ಯಾಕೆ?

— ಹೆಡ್‌ಲೈಟ್ ಬದಲಾಯಿಸ್ಬೇಕು. ಹೊಸದು ಡಿಕ್ಕಿಯಲ್ಲಿದೆ.

— ಯಾವುದು, ಗೇಟಿನ ಕಂಬಕ್ಕೆ ತಾಗಿಸಿದ್ಯಲ್ಲ, ಅದಾ?

— ಅದೇ. ನಡ್ಕೊಂಡು ಹೋಗೋರಿಗಿಂತ ನಿಧಾನ ಬರ್ತಿದ್ದೆ. ಆದ್ರೂ ಒಡೀತು. ಕಂಬಕ್ಕೆ ಒಂದು ಗೀಟೂ ಬಿದ್ದಿಲ್ಲ.

— ಜಂಬಿಟ್ಟಿಗೆ ಕಲ್ಲು, ಗೀಟು ಯಾಕೆ ಬೀಳತ್ತೆ? ಅಲ್ಲ, ಗ್ಯಾರೇಜಿಗೆ ಬಿಡಬಾರ್ದಿತ್ತಾ?

— ಬಿಟ್ಟಿದ್ದೆ. ಎರಡು ದಿನ ಬೇಕು ಅಂದ್ರು. ಸದ್ಯಕ್ಕೆ ನಡೀತದೆ ಅಂತ ಅಲ್ಲಿದ್ದ ಹುಡುಗ ಎಂ-ಸೀಲ್ ಮೆತ್ತಿ ಕೊಟ್ಟ. ನೋಡಿ ಇಲ್ಲಿ.

— ಓಹೋ. ಕಿವಿ ಮುರಿದಿದೆ.

— ಮೇಲಿನ ಕಿವಿ. ಎಂ-ಸೀಲ್ ಹಿಡಿದಿದ್ದು ಮಂಡಗದ್ದೆ ದಾಟೋವರೆಗೆ. ಆಮೇಲೆ ಹೊಂಡ ಬಂದಾಗೆಲ್ಲ ಬೆಳಕು ತಲೆ ಆಡಿಸೋಕೆ ಶುರು ಮಾಡ್ತು. ಗಾಜೂ ಸೀಳಿದೆ, ಒಳಗೆ ನೀರು.

— ಗಾಜಲ್ಲ ಮಾರಾಯ್ತಿ. ಉಗುರಲ್ಲಿ ಬಡಿದು ನೋಡು, ಟಣ್ ಅನ್ನಲ್ಲ. ಪ್ಲಾಸ್ಟಿಕ್ಕು.

— ಪಾಲಿಕಾರ್ಬೊನೇಟ್.

— ಹೆಸರು ಏನಾದ್ರೂ ಇರ್ಲಿ. ಗಾಜಾಗಿದ್ರೆ ನೂರು ವರ್ಷ ಹಳದಿ ಆಗ್ತಿರಲಿಲ್ಲ. ಇದು ನೋಡು, ಬೀಡಿ ಸೇದೋನ ಹಲ್ಲಿನ ಹಾಗಾಗಿದೆ.

— ಬಿಸಿಲಿಗೆ. ಮೇಲೆ ತೆಳ್ಳಗೆ ಒಂದು ಕೋಟಿಂಗ್ ಇರತ್ತೆ, ಅದು ಸವೆದ ಮೇಲೆ ನೇರಳಾತೀತ ಕಿರಣ ಒಳಗೆ ಇಳೀತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ದೆ ಹೋದ ವರ್ಷ. ಒಂದು ತಿಂಗಳು ಹೊಳೀತು, ಆಮೇಲೆ ಮೊದಲಿಗಿಂತ ಮಬ್ಬು.

— ಕೋಟಿಂಗ್ ಇದ್ದಿದ್ದನ್ನೂ ಉಜ್ಜಿ ತೆಗೆದೆ ಅನ್ನು. ನೀರು ಎಷ್ಟಿದೆ ಒಳಗೆ? ಬೆವರಿದ ಹಾಗಾ, ನಿಂತಿದ್ಯಾ?

— ನಿಂತಿದೆ. ಅಲುಗಿಸಿದ್ರೆ ಗುಳುಗುಳು ಅಂತದೆ.

— ಹಾಗಾದ್ರೆ ಸರಿ, ಬದಲಾಯಿಸ್ಲೇಬೇಕು. ಬರೀ ಬೆವರಾದ್ರೆ ಹೆದರೋದು ಬೇಡ. ಹಿಂದೆ ಉಸಿರಾಡೋಕೆ ಸಣ್ಣ ಕೊಳವೆ ಬಿಟ್ಟಿರ್ತಾರೆ, ಲೈಟ್ ಹಾಕ್ಕೊಂಡು ಸ್ವಲ್ಪ ದೂರ ಓಡಿಸಿದ್ರೆ ತಾನೇ ಆರತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಬೆವರದ ಲೈಟು ಎಲ್ಲಿದೆ? ಎಲ್ಲಿ, ಹೊಸದು ತೆಗಿ ನೋಡೋಣ. ಇದು... ಯಾವ ಕಡೆದು?

— ಅದೊಂದು ಕಥೆ. ಮೊದಲು ತರಿಸಿದ್ದು ಬಲಗಡೇದು.

— ಒಡೆದಿದ್ದು ಎಡಗಡೆ!

— ಕಾರಿನ ಎದುರಿಗೆ ನಿಂತು ನೋಡಿದೆ ಮಾವ. ಒಡೆದಿದ್ದು ನನ್ನ ಬಲಗೈ ಕಡೆ ಇತ್ತು. ರೈಟ್ ಅಂತ ಒತ್ತಿಬಿಟ್ಟೆ. ಮನೆಗೆ ಬಂದ ಮೇಲೆ ಹಿಡಿದು ನೋಡಿದ್ರೆ ಕನ್ನಡಿಯಲ್ಲಿ ಕಂಡ ಹಾಗಿದೆ. ವಾಪಸ್ ಕಳಿಸಿ, ಶಿವಮೊಗ್ಗದಲ್ಲೇ ಒಂದು ಅಂಗಡಿಗೆ ಹೋದೆ. ಆತ ಲೆಫ್ಟು ರೈಟು ಏನೂ ಕೇಳಲಿಲ್ಲ. ‘ಡ್ರೈವರ್ ಸೈಡೋ, ಕ್ಲೀನರ್ ಸೈಡೋ?’ ಅಂದ.

— ಮತ್ತೆ! ಅದಕ್ಕೇ ಆ ಮಾತು ಇರೋದು. ಎಡ ಬಲ ಅಂದ್ರೆ ಯಾರ ಎಡ, ಯಾರ ಬಲ? ಡ್ರೈವರ್ ಕೂರೋದು ಒಂದೇ ಕಡೆ. ಕಾರಿಗೆ ಕ್ಲೀನರ್ ಇಲ್ದೇ ಇದ್ರೂ ಅವನ ಸೈಡ್ ಮಾತ್ರ ಹಾಗೇ ಉಳ್ಕೊಂಡಿದೆ.

— ಅಲ್ಲೂ ಎರಡು ಥರ ಇತ್ತು. ಕಂಪನಿದು, ಲೋಕಲ್‌ದು. ರೇಟು ಅರ್ಧಕ್ಕರ್ಧ ವ್ಯತ್ಯಾಸ. ಲೋಕಲ್ ಕೈಯಲ್ಲಿ ಹಿಡಿದು ನೋಡಿದೆ. ಹಗುರ. ಒಳಗಿನ ಬೆಳ್ಳಿ ಬಣ್ಣ ಸರಿಯಾಗಿ ಕೂತಿರಲಿಲ್ಲ, ಒಂದು ಮೂಲೆಯಲ್ಲಿ ಕಿತ್ತಳೆ ಸಿಪ್ಪೆ ಥರ ಒರಟು. ಕಂಪನಿದೇ ತಂದೆ. ಬಲ್ಬ್ ಇಲ್ಲ, ಏರಿಸಿ ಇಳಿಸೋ ಮೋಟರ್ ಇಲ್ಲ, ಬರೀ ಗೂಡು. ಹಳೇದರಿಂದ ಕಿತ್ತು ಇದಕ್ಕೆ ಹಾಕ್ಬೇಕು.

— ಇಡೀ ಗೂಡು ಬದಲಾಯಿಸೋದು ಅಂದ್ರೇ ನಂಗೆ ನಗು. ಅಂಬಾಸಿಡರಿಗೆ ಏಳಿಂಚಿನ ಗುಂಡು ಲೈಟು. ಜೀಪಿಗೂ ಅದೇ ಅಳತೆ. ಒಂದ್ಸಲ ರಾತ್ರಿ ಕಲ್ಲು ಸಿಡಿದು ಗಾಜು ಹೋಯ್ತು, ಹೆಬ್ರಿಯಲ್ಲಿ. ಪರಿಚಯದವರ ಜೀಪು ಶೆಡ್ಡಲ್ಲಿ ನಿಂತಿತ್ತು, ಅದರದ್ದು ಬಿಚ್ಚಿ ಹಾಕ್ಕೊಂಡು ಘಾಟಿ ಹತ್ತಿ ಬಂದೆ. ನಾಲ್ಕು ದಿನ ಆದ್ಮೇಲೆ ವಾಪಸ್ ಕೊಟ್ಟೆ. ಈಗ ನಿನ್ನ ಕಾರಿಂದು ಪಕ್ಕದ ಮನೆ ಕಾರಿಗೆ ಹೋಗಲಿ, ನಿನ್ನದೇ ಕಾರಿನ ಆಚೆ ಕಡೆಗೂ ಕೂರಲ್ಲ.

— ಅಂಬಾಸಿಡರ್ ನಿಂತಿದ್ದು 2014ರಲ್ಲಿ. ಗುಂಡು ಲೈಟಿನ ಕಾಲವೂ ಹೆಚ್ಚು ಕಡಿಮೆ ಅದರ ಜೊತೆಗೇ ಹೋಯ್ತು. ಈಗಿನ ಎಲ್ಇಡಿ ಲೈಟುಗಳಲ್ಲಿ ಎಷ್ಟೋದಕ್ಕೆ ಬಲ್ಬೂ ಬೇರೆ ಇರಲ್ಲ. ಹೋದ್ರೆ ಇಡೀ ಗೂಡೇ ಎಸೀಬೇಕು. ಅದಕ್ಕೆ ಹೋಲಿಸಿದ್ರೆ ನನ್ನದು ಇನ್ನೂ ಬಡವರ ಸಂಸಾರ.

— ಸರಿ, ಬಾನೆಟ್ ಎತ್ತು. ಮೊದಲು ಬ್ಯಾಟರಿ. ಕಪ್ಪು ವೈರು ಬಿಚ್ಚು, ಕೆಂಪು ಮುಟ್ಟಬೇಡ.

— ಗಡಿಯಾರ ಹೋಗತ್ತೆ, ರೇಡಿಯೊ ಸ್ಟೇಷನ್ ಎಲ್ಲ ಹೋಗತ್ತೆ.

— ಹೋಗ್ಲಿ. ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದ್ರೆ ಕಿಡಿ ಹಾರೋದು ನಿನ್ನ ಮುಖಕ್ಕೆ. ಹತ್ತರ ಸ್ಪ್ಯಾನರ್ ತಗೋ. ಇಡೀ ಕೆಲಸ ಹತ್ತರಲ್ಲೇ ಆಗೋ ಹಾಗಿದೆ. ಒಂದು ಹಾಳೆ ತಟ್ಟೆ ತರ್ತೀನಿ ಇರು, ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಸಾಲಲ್ಲೇ ಅದರಲ್ಲಿಡು. ಊಟಕ್ಕೆ ಬಡಿಸೋ ಹಾಗೆ, ಉಪ್ಪು ಮೊದಲು.

— ಗ್ರಿಲ್ಲಿನ ಮೇಲೆ ಪ್ಲಾಸ್ಟಿಕ್ ಲಾಕುಗಳಿವೆ, ನಾಲ್ಕು. ಎಳೆದ್ರೆ ಬರ್ತಿಲ್ಲ.

— ಎಳೀಬೇಡ! ನಡುವೆ ಸಣ್ಣ ಗುಂಡಿ ಇದ್ಯಲ್ಲ, ಚಪ್ಪಟೆ ಸ್ಕ್ರೂಡ್ರೈವರ್ ತುದಿಯಲ್ಲಿ ಅದನ್ನ ಮಾತ್ರ ಮೇಲೆತ್ತು. ಅದು ಎದ್ದ ಮೇಲೆ ಕಾಲು ಸಡಿಲ ಆಗತ್ತೆ, ಆಮೇಲೆ ಇಡೀದು ಬರತ್ತೆ. ಹಾಂ, ಹಾಗೆ. ಸ್ಕ್ರೂಡ್ರೈವರ್ ಕೆಳಗೆ ಬಟ್ಟೆ ಇಟ್ಕೋ, ಪೇಂಟ್ ಕೆರೀತದೆ.

— ಮೇಲೆ ಎರಡು ಬೋಲ್ಟ್. ಬಂತು. ಇನ್ನೊಂದು ಎಲ್ಲಿ? ಗೂಡು ಅಲ್ಲಾಡ್ತಿದೆ, ಬರ್ತಿಲ್ಲ.

— ಒಂದು ಬಂಪರಿನ ಹಿಂದೆ ಇರತ್ತೆ, ಕಳ್ಳ ಬೋಲ್ಟು. ಅದಕ್ಕೇ ಗ್ಯಾರೇಜಿನೋರು ಎರಡು ದಿನ ಅಂದಿದ್ದು. ಚಕ್ರದ ಮೇಲಿನ ಕಮಾನು ನೋಡು, ಬಂಪರ್ ಬಂದು ಸೇರೋ ಜಾಗ. ಸ್ಕ್ರೂ ಇದ್ಯಾ?

— ಇದೆ. ಮಣ್ಣು ತುಂಬಿದೆ.

— ಕೆರೆದು ತೆಗಿ, ಇಲ್ದಿದ್ರೆ ಸ್ಕ್ರೂಡ್ರೈವರ್ ಹಲ್ಲು ಕೂರಲ್ಲ, ತಲೆ ಸವೀತದೆ. ಅದೊಂದು ತೆಗೆದ್ರೆ ಬಂಪರಿನ ಮೂಲೆ ಬಿಡತ್ತೆ. ಪೂರ್ತಿ ಬಿಚ್ಚೋದು ಬೇಡ. ಒಂದು ಕೈ ಒಳಗೆ ಹೋಗೋವಷ್ಟು ಹೊರಗೆ ಎಳೆದು ಹಿಡಿ.

— ಟಕ್ ಅಂತು!

— ಮುರೀಲಿಲ್ಲ, ಕೊಕ್ಕೆ ಬಿಡ್ತು ಅಷ್ಟೇ. ಹತ್ತು ಗಂಟೆ ಬಿಸಿಲು ಬಿದ್ದಿದೆ ನೋಡು, ಪ್ಲಾಸ್ಟಿಕ್ ಮೆತ್ತಗಾಗಿದೆ. ಬೆಳಿಗ್ಗೆ ಆರು ಗಂಟೆ ಚಳಿಯಲ್ಲಿ ಎಳೆದಿದ್ರೆ ಅದೂ ಮುರೀತಿತ್ತು. ಕಾಫಿ ಕುಡಿದ್ಯಾ ಅಂತ ಸುಮ್ನೆ ಕೇಳಲ್ಲ ನಾನು.

— ನೀವು ಕೇಳಲೇ ಇಲ್ಲ.

— ಕೇಳಿಲ್ವಾ? ಹಾಗಾದ್ರೆ ಕುಡಿದ್ಯಾ?

— ಎರಡು ಸಲ. ಬಂತು, ಮೂರನೇ ಬೋಲ್ಟೂ ಬಂತು. ಗೂಡು ಮುಂದಕ್ಕೆ ಎಳೀತಿದೀನಿ. ಹಿಂದೆ ವೈರು.

— ವೈರು ಹಿಡಿದು ಎಳೀಬೇಡ, ಕನೆಕ್ಟರಿನ ಹೊಟ್ಟೆ ಒತ್ತಿ ಎಳಿ. ದೊಡ್ಡದು ಮೂರು ಕಾಲಿಂದು, ಹೆಡ್‌ಲೈಟ್ ಬಲ್ಬಿಂದು. ಸಣ್ಣವೆರಡು ಪಾರ್ಕಿಂಗ್, ಇಂಡಿಕೇಟರ್. ಇನ್ನೊಂದು?

— ಮೋಟರಿಂದು. ಡ್ಯಾಶ್‌ಬೋರ್ಡಲ್ಲಿ ಸೊನ್ನೆ, ಒಂದು, ಎರಡು, ಮೂರು ಅಂತ ತಿರುಗಿಸೋ ಗಾಲಿ ಇದ್ಯಲ್ಲ, ಅದು ಹೇಳಿದ ಹಾಗೆ ಬೆಳಕನ್ನ ಇಳಿಸೋದು. ಹಿಂದಿನ ಸೀಟಲ್ಲಿ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದ್ರೆ ಮೂತಿ ಮೇಲೇಳತ್ತೆ, ಆಗ ಬೆಳಕು ಇಳಿಸ್ಬೇಕು.

— ಅದನ್ನ ಯಾರಾದ್ರೂ ತಿರುಗಿಸಿದ್ದು ನೋಡಿದ್ಯಾ?

— ನಾನೇ ತಿರುಗಿಸಿಲ್ಲ.

— ನಮ್ಮ ಕಾಲದಲ್ಲಿ ಏಳು ಜನ, ಮೇಲೆ ಕ್ಯಾರಿಯರಿನಲ್ಲಿ ಮದುವೆ ಪಾತ್ರೆ. ಅಂಬಾಸಿಡರಿನ ಲೈಟು ಮರದ ತುದಿ ನೋಡ್ತಿತ್ತು. ರಸ್ತೆ ಮೇಲೆ ಏನಿದೆ ಅಂತ ಗೊತ್ತಾಗ್ತಿರಲಿಲ್ಲ, ಕೊಂಬೆ ಮೇಲೆ ಯಾವ ಹಕ್ಕಿ ಮಲಗಿದೆ ಅಂತ ಹೇಳಬಹುದಿತ್ತು. ಸರಿ, ಬಲ್ಬ್ ತೆಗಿ. ಹಿಂದಿನ ರಬ್ಬರ್ ಟೋಪಿ ಸುಲಿ, ತಂತಿ ಕ್ಲಿಪ್ ಒತ್ತಿ ಪಕ್ಕಕ್ಕೆ ಬಿಡು. ಗಾಜು ಮಾತ್ರ ಮುಟ್ಟಬೇಡ.

— ಗೊತ್ತು. ಕೈಯ ಜಿಡ್ಡು. ಆದ್ರೆ ಯಾಕೆ ಅಂತ ನಿಮ್ಗೆ ಗೊತ್ತಾ?

— ಮುಟ್ಟಿದ್ದು ಬೇಗ ಹೋಗತ್ತೆ. ಅಷ್ಟು ಗೊತ್ತು.

— ಇದು ಮಾಮೂಲಿ ಗಾಜಲ್ಲ, ಕ್ವಾರ್ಟ್ಜ್. ಹ್ಯಾಲೊಜನ್ ಬಲ್ಬ್ ಕೆಲಸ ಮಾಡ್ಬೇಕಾದ್ರೆ ಗಾಜೇ ಇನ್ನೂರೈವತ್ತು ಡಿಗ್ರಿಗಿಂತ ಮೇಲೆ ಕಾಯ್ಬೇಕು. ಹಳೇ ಬಲ್ಬುಗಳಲ್ಲಿ ತಂತಿಯ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟ್ಕೊಂಡು ಕಪ್ಪಾಗ್ತಿತ್ತು. ಇದರಲ್ಲಿ ಒಳಗಿನ ಅಯೋಡಿನ್ನೋ ಬ್ರೋಮಿನ್ನೋ ಆ ಆವೀನ ಹಿಡ್ಕೊಂಡು ವಾಪಸ್ ತಂತಿಗೇ ತಂದು ಬಿಡತ್ತೆ. ಗಾಜು ತಣ್ಣಗಿದ್ರೆ ಆ ಓಡಾಟ ನಡೆಯಲ್ಲ. ಅಷ್ಟು ಬಿಸಿಯ ಮೇಲೆ ಬೆರಳಿನ ಜಿಡ್ಡಿದ್ರೆ ಅಲ್ಲೊಂದು ಕಡೆ ಸುಟ್ಟು, ಗಾಜು ಉಬ್ಬಿಯೋ ಬಿರಿದೋ ಹೋಗತ್ತೆ. ಮುಟ್ಟಿದ್ರೆ ಸ್ಪಿರಿಟ್ಟಲ್ಲಿ ಒರೆಸಿ ಹಾಕಿದ್ರಾಯ್ತು.

— ನಾವು ಬನಿಯನ್ ಬಟ್ಟೆ ಸುತ್ತಿ ಹಿಡೀತಿದ್ವಿ. ಒಂದೊಂದ್ಸಲ ಅದೇ ಬನಿಯನ್ನಲ್ಲಿ ಆಯಿಲ್ ಚೆಕ್ ಮಾಡಿರ್ತಿದ್ವಿ.

— ಇದು ಎಚ್4. 1971ರಿಂದ ಇರೋ ಬಲ್ಬು. ನಂಗಿಂತ ಹಿರಿಯ. ಇಲ್ಲಿ ನೋಡಿ, ಬೆಳಕಿಗೆ ಹಿಡೀತೀನಿ. ಒಳಗೆ ಎರಡು ತಂತಿ. ಹಿಂದಿಂದು ಬ್ರೈಟಿಗೆ, ಅರವತ್ತು ವ್ಯಾಟ್. ಮುಂದಿಂದು ಡಿಮ್ಮಿಗೆ, ಐವತ್ತೈದು. ಆ ಮುಂದಿನ ತಂತಿ ಕೆಳಗೆ ಏನಿದೆ ಕಾಣ್ತಾ?

— ಕನ್ನಡಕ ತರ್ಬೇಕು. ಏನೋ ತಗಡು... ಸಣ್ಣ ದೊನ್ನೆ ಥರ.

— ದೊನ್ನೆಯೇ. ಡಿಮ್ ತಂತಿಯ ಬೆಳಕು ಮೇಲಿನ ಅರ್ಧ ರಿಫ್ಲೆಕ್ಟರಿಗೆ ಮಾತ್ರ ಬೀಳ್ಬೇಕು. ಅಲ್ಲಿ ಬಿದ್ದಿದ್ದು ತಿರುಗಿ ಕೆಳಗೆ ರಸ್ತೆಗೆ ಹೋಗತ್ತೆ. ಕೆಳಗಿನ ಅರ್ಧಕ್ಕೆ ಬಿದ್ರೆ ಅದು ಚಿಮ್ಮಿ ಎದುರಿನೋರ ಕಣ್ಣಿಗೆ ಹೋಗ್ತಿತ್ತು. ಅದನ್ನ ತಡೆಯೋಕೆ ಈ ದೊನ್ನೆ. ಬ್ರೈಟ್ ತಂತಿ ಕೆಳಗೆ ನೋಡಿ, ಏನಿಲ್ಲ.

— ಹೌದಲ್ಲ! ಇಷ್ಟು ವರ್ಷ ಬಲ್ಬ್ ಹಾಕಿದೀನಿ, ಇದು ಯಾಕಿದೆ ಅಂತ ಯೋಚ್ನೆ ಮಾಡಿಲ್ಲ. ಕಂಪನಿಯೋನು ಏನೋ ತಗಡು ಇಟ್ಟಿದಾನೆ ಅಂದ್ಕೊಂಡಿದ್ದೆ.

— ಅಂದ್ರೆ ಡಿಮ್ ಅಂದ್ರೆ ಬೆಳಕು ಕಡಿಮೆ ಮಾಡೋದಲ್ಲ ಮಾವ. ಎರಡಕ್ಕೂ ಇರೋದು ಐದು ವ್ಯಾಟ್ ವ್ಯತ್ಯಾಸ. ಎಲ್ಲಿ ನಿಲ್ಲಬೇಕು ಅಂತ ಗೆರೆ ಹಾಕೋದು.

— ತಡಿ, ನಾವೂ ಇದನ್ನ ಮಾಡಿದ್ವಿ. ಹೊರಗಿಂದ. ಹೆಡ್‌ಲೈಟಿನ ಮೇಲಿನರ್ಧಕ್ಕೆ ಕಪ್ಪು ಪೇಂಟ್ ಬಳೀತಿದ್ವಿ, ನೀನು ನೋಡಿರ್ತೀಯ ಹಳೇ ಲಾರಿಗಳಲ್ಲಿ. ಕೆಲವರು ನಡುವೆ ಕಾಸಗಲ ಬೊಟ್ಟು. ಇಲ್ಲದಿದ್ರೆ ಪೊಲೀಸರು ಹಿಡೀತಿದ್ರು. ಬ್ರಷ್ ಇಲ್ದೇ ಇದ್ದಾಗ ನಾನು ಡಾಂಬರನ್ನೇ ಬೆರಳಲ್ಲಿ ಬಳಿದಿದ್ದೆ.

— ಅದರಿಂದ ಬೆಳಕು ಕಡಿಮೆ ಆಗ್ತಿತ್ತು, ಆದ್ರೆ ದಿಕ್ಕು ಬದಲಾಗ್ತಿತ್ತಾ? ಉಳಿದರ್ಧದಿಂದ ಬರೋದು ಎಲ್ಲಿಗೆ ಹೋಗ್ತಿತ್ತೋ ಅಲ್ಲಿಗೇ ಹೋಗ್ತಿತ್ತು.

— ಆಗ್ತಿತ್ತೋ ಇಲ್ವೋ. ಮನಸ್ಸಿಗೆ ಸಮಾಧಾನ ಇತ್ತು, ಪೊಲೀಸಿನೋನಿಗೂ ಇತ್ತು. ಅದಿರ್ಲಿ, ಈಗ ಎಲ್ಲರೂ ಬಿಳಿ ಎಲ್ಇಡಿ ಹಾಕ್ಸಿದಾರಲ್ಲ, ಹಳೇ ಗೂಡಿಗೇ. ಅದಕ್ಕೆ ಈ ದೊನ್ನೆ ಇರತ್ತಾ?

— ಕೆಲವರು ಹಾಗೆ ಮಾಡಿದ ಹಾಗೆ ತೋರಿಸ್ತಾರೆ. ಆದ್ರೆ ರಿಫ್ಲೆಕ್ಟರ್ ಲೆಕ್ಕ ಹಾಕಿ ಮಾಡಿರೋದು ಕೂದಲೆಳೆಯಂಥ ತಂತಿ ಇಂಥದೇ ಜಾಗದಲ್ಲಿ ಉರಿಯತ್ತೆ ಅಂತ. ಅಲ್ಲಿ ಚಪ್ಪಟೆ ಚಿಪ್ಪು ಎರಡು ಕಡೆ ಕೂತ್ರೆ ಲೆಕ್ಕ ತಪ್ಪತ್ತೆ. ಹಾಕಿಸಿಕೊಂಡೋನಿಗೆ ಮುಂದೆಲ್ಲ ಬೆಳ್ಳಗೆ ಕಾಣತ್ತೆ, ಖುಷಿ.

— ಎದುರಿನೋನು ಚರಂಡಿಗೆ. ನಾನೂ ಮಾಡಿದ್ದೆ ಒಂದ್ಸಲ, ಎಲ್ಇಡಿ ಅಲ್ಲ, ನೂರು–ತೊಂಬತ್ತು ವ್ಯಾಟಿನ ಬಲ್ಬ್ ಹಾಕ್ಸಿದ್ದೆ. ಏನು ಬೆಳಕು ಅಂತೀಯ! ಒಂದು ವಾರ ರಾಜನ ಹಾಗೆ ಓಡಾಡಿದೆ. ಮಣಿಪಾಲಕ್ಕೆ ಒಬ್ಬರು ಬಸುರಿಯನ್ನ ಕರ್ಕೊಂಡು ಹೋಗೋವಾಗ ಸೋಮೇಶ್ವರದ ಹತ್ತಿರ ಕಾರೊಳಗೆ ರಬ್ಬರ್ ಸುಟ್ಟ ವಾಸನೆ. ನೋಡ್ತೀನಿ, ಲೈಟಿನ ಸ್ವಿಚ್ಚು ಕರಗಿ ಬೆಲ್ಲದ ಪಾಕ ಆಗಿದೆ.

— ಆಗದೆ? ಐವತ್ತೈದು ವ್ಯಾಟಿಗೆ ನಾಲ್ಕೂವರೆ ಆಂಪಿಯರ್ ಚಿಲ್ಲರೆ ಹರೀತದೆ, ನೂರಕ್ಕೆ ಎಂಟು ದಾಟತ್ತೆ. ಎರಡು ಲೈಟು ಸೇರಿ ಹದಿನಾರು. ವೈರು ಅದೇ. ಆಮೇಲೆ ಏನ್ಮಾಡಿದ್ರಿ?

— ಎರಡು ವೈರು ಹಲ್ಲಲ್ಲಿ ಸುಲಿದು ಗಂಟು ಹಾಕಿ ಹೋದೆ. ಗಂಡು ಮಗು. ಈಗ ಕೊಪ್ಪದಲ್ಲಿ ಮೇಷ್ಟ್ರು.

— ಮೋಟರ್ ತಿರುಗಿಸಿ ತೆಗೆದೆ ಮಾವ. ತುದಿಯಲ್ಲಿ ಒಂದು ಗುಂಡು ಇದೆ, ಬಟಾಣಿಯಷ್ಟು.

— ಅದು ರಿಫ್ಲೆಕ್ಟರಿನ ಹಿಂದೆ ಒಂದು ಬಾಯಿಗೆ ಕಚ್ಕೋಬೇಕು. ಹೊಸ ಗೂಡಿಗೆ ಹಾಕಿ ನೋಡು.

— ಹಾಕಿದೆ, ತಿರುಗಿಸ್ದೆ, ಕೂತ್ಕೊಂತು. ಬಲ್ಬ್, ಕ್ಲಿಪ್, ರಬ್ಬರ್ ಟೋಪಿ. ಟೋಪಿಯ ಬಾಲ ಕೆಳಗೆ ಬರ್ಬೇಕು, ನೀರು ಇಳಿಯೋಕೆ. ಇಂಡಿಕೇಟರ್, ಪಾರ್ಕಿಂಗ್. ಆಯ್ತು. ಇಟ್ಟು ನೋಡೋಣ್ವಾ?

— ತಡಿ. ಗೂಡನ್ನ ಒಂದ್ಸಲ ಅಲ್ಲಾಡ್ಸು. ಕೇಳ್ತಾ?

— ಲೊಡಲೊಡ ಅಂತಿದೆ. ಒಳಗೆ ಏನೋ ಸಡಿಲ.

— ಕಚ್ಚಿಲ್ಲ ಅದು. ಗುಂಡು ಬಾಯಿಯ ಪಕ್ಕದಲ್ಲಿ ಕೂತಿದೆ. ಹಾಗೇ ಹಾಕಿದ್ರೆ ರಿಫ್ಲೆಕ್ಟರ್ ತೂಗು ಹಾಕಿದ ತೊಟ್ಟಿಲ ಥರ ಆಗತ್ತೆ. ನಿನ್ನ ಎಂ-ಸೀಲ್ ಹುಡುಗನ ಕೆಲಸಾನೇ ವಾಸಿ.

— ಮತ್ತೆ ಹೇಗೆ? ಒಳಗೆ ಕೈ ಹೋಗಲ್ಲ.

— ಬಲ್ಬ್ ತೆಗಿ. ಬಲ್ಬಿನ ತೂತಿನೊಳಗೆ ಒಂದು ಬೆರಳು ಹಾಕಿ ರಿಫ್ಲೆಕ್ಟರನ್ನ ನಿನ್ನ ಕಡೆಗೆ, ಹಿಂದಕ್ಕೆ ಎಳೆದು ಹಿಡಿ. ಅಂಚು ಮಾತ್ರ ಹಿಡಿ, ಹೊಳೆಯೋ ಭಾಗ ಮುಟ್ಟಬೇಡ, ಬೆರಳಿನ ಗುರುತು ಕೂತ್ರೆ ಮತ್ತೆ ಹೋಗಲ್ಲ. ಈಗ ಇನ್ನೊಂದು ಕೈಯಲ್ಲಿ ಮೋಟರ್ ಒತ್ತು.

— ಬರ್ತಿಲ್ಲ... ಬರ್ತಿಲ್ಲ... ಆ, ಟಿಕ್ ಅಂತು.

— ಅಲ್ಲಾಡ್ಸು.

— ಸದ್ದಿಲ್ಲ!

— ಈಗ ತಿರುಗಿಸಿ ಲಾಕ್ ಮಾಡು. ಇದನ್ನ ಎಲ್ಲಿ ಕಲಿತ್ರಿ ಅಂತ ಕೇಳಬೇಡ. ಹೋದ ವರ್ಷ ನಿಮ್ಮತ್ತೆಯ ತಮ್ಮನ ಕಾರಿನ ಇಂಥದೇ ಗೂಡು ಇದೇ ಅಂಗಳದಲ್ಲಿ ಮೂರು ಸಲ ಬಿಚ್ಚಿ ಹಾಕಿದೀನಿ.

— ಬೋಲ್ಟ್ ಹಾಕ್ತೀನಿ.

— ಮೂರನ್ನೂ ಕೈಯಲ್ಲೇ ಕೂರ್ಸು, ಬಿಗೀಬೇಡ. ಬಾನೆಟ್ ಇಳಿಸಿ ಸಂದು ನೋಡು. ಈ ಕಡೆ ಬೆರಳಗಲ ಇದ್ದು ಆ ಕಡೆ ಕಾಗದ ಹೋಗದ ಹಾಗಿದ್ರೆ ಗೂಡನ್ನ ಸ್ವಲ್ಪ ಒತ್ತಿ ಸರಿಸು, ಆಮೇಲೆ ಬಿಗಿ. ತೀರಾ ಬಿಗೀಬೇಡ, ಹೊಸ ಕಿವೀನೂ ಮುರೀತೀಯ. ಮೊದಲು ಯಾವುದು ಬಿಚ್ಚಿದ್ದು?

— ಉಪ್ಪು.

— ಹಾಗಾದ್ರೆ ಉಪ್ಪು ಕೊನೆಗೆ. ಬ್ಯಾಟರಿ ಕಪ್ಪು ವೈರು.

— ಹತ್ತಿತು ಮಾವ! ಡಿಮ್ಮು, ಬ್ರೈಟು, ಇಂಡಿಕೇಟರ್, ಎಲ್ಲ. ಮುಕ್ಕಾಲು ಗಂಟೆ ಅಷ್ಟೇ. ಎರಡು ದಿನ ಅಂದಿದ್ರು!

— ಹತ್ತೋದು ದೊಡ್ಡ ವಿಷಯ ಅಲ್ಲ. ಊಟ ಮಾಡಿ ಮಲಗು. ಕತ್ತಲಾದ್ಮೇಲೆ ಅರ್ಧ ಕೆಲಸ ಇದೆ.

(ಸಂಜೆ ಏಳು ಗಂಟೆ. ಕಾರು ಕೊಟ್ಟಿಗೆ ಗೋಡೆಗೆ ಎದುರಾಗಿ ನಿಂತಿದೆ. ಸುಣ್ಣ ಬಳಿದ ಗೋಡೆ. ಮಾವನ ಕೈಯಲ್ಲಿ ಅಡಿಕೆ ಕಣ ಅಳೆಯುವ ಟೇಪು, ಸೊಸೆಯ ಕೈಯಲ್ಲಿ ಇದ್ದಿಲು.)

— ಗೋಡೆಯಿಂದ ಲೈಟಿಗೆ ಐದು ಮೀಟರ್. ಸರಿಯಾಗಿದೆ. ನೆಲ ಸಮ ಇದ್ಯಾ?

— ಅಡಿಕೆ ಒಣಗಿಸೋ ಅಂಗಳ, ಸಮ ಇಲ್ದೇ ಇರತ್ತಾ? ಚಕ್ರದ ಗಾಳಿ ಬೆಳಿಗ್ಗೆ ನೋಡಿದೀನಿ. ಆ ಗಾಲಿ ಸೊನ್ನೆಯಲ್ಲಿಡು. ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರ್ಬೇಕು.

— ನೀವು ಕೂತ್ಕೊಳಿ, ನಾನು ಗೆರೆ ಎಳೀತೀನಿ. ಲೈಟಿನ ನಡುಮಧ್ಯಕ್ಕೆ ನೆಲದಿಂದ 66 ಸೆಂಟಿಮೀಟರ್. ಗೋಡೆ ಮೇಲೂ 66ಕ್ಕೆ ಒಂದು ಗೆರೆ. ಅದರ ಕೆಳಗೆ ಐದು ಸೆಂಟಿಮೀಟರಿಗೆ ಇನ್ನೊಂದು. ನೂರಕ್ಕೆ ಒಂದು ಲೆಕ್ಕ, ಐದು ಮೀಟರಿಗೆ ಐದು ಸೆಂಟಿಮೀಟರ್ ಇಳೀಬೇಕು. ಹಾಗಿದ್ರೆ ಬೆಳಕಿನ ಮೇಲಂಚು 66 ಮೀಟರ್ ದೂರದಲ್ಲಿ ರಸ್ತೆಗೆ ತಾಗತ್ತೆ. ಡಿಮ್ ಹಾಕಿ. ಹಳೇ ಲೈಟಿಗೆ ಗೋಣಿಚೀಲ ಮುಚ್ಚಿದೀನಿ, ಬೇಗ ಮುಗಿಸೋಣ, ಪ್ಲಾಸ್ಟಿಕ್ಕು ಕಾಯತ್ತೆ.

— ಏನು ಕಾಣ್ತಿದೆ?

— ಚೆಂದ ಇದೆ ಮಾವ! ಬಲಗಡೆ ನೆಟ್ಟಗೆ ಅಡ್ಡಗೆರೆ, ಮೇಲೆ ಕತ್ತಲು, ಕೆಳಗೆ ಬೆಳಕು. ನಡುವಿಂದ ಎಡಕ್ಕೆ ಗೆರೆ ಮೇಲಕ್ಕೆ ಏರ್ತಾ ಹೋಗಿದೆ, ಹದಿನೈದು ಡಿಗ್ರಿ ಅಂತೆ.

— ಎಡಗಡೆ ಯಾಕೆ ಏರತ್ತೆ?

— ನಾವು ಎಡಗಡೆ ಹೋಗೋರು. ಆ ಕಡೆ ನಡ್ಕೊಂಡು ಹೋಗೋರು, ದನ, ಮೈಲಿಗಲ್ಲು ಕಾಣ್ಬೇಕು. ಎದುರಿನ ಗಾಡಿ ಬರೋದು ಬಲಗಡೆ, ಅಲ್ಲಿ ಗೆರೆ ಕೆಳಗೇ ಇರ್ಬೇಕು. ಅಮೆರಿಕದಲ್ಲಿ ಅಣ್ಣನ ಕಾರಿಗೆ ಇದು ಬಲಕ್ಕೆ ಏರತ್ತೆ. ಅಲ್ಲಿನ ಲೈಟು ತಂದು ಇಲ್ಲಿ ಹಾಕಿದ್ರೆ ಎದುರು ಬರೋ ಎಲ್ಲರ ಕಣ್ಣಿಗೂ ನೇರ.

— ಈಗ ಮೇಲಿಂದ ಸ್ಕ್ರೂಡ್ರೈವರ್ ಇಳಿಬಿಟ್ಟು ಹಲ್ಲಿನ ಚಕ್ರ ತಿರುಗಿಸು. ಒಂದು ಏರಿಸಿ ಇಳಿಸೋಕೆ, ಇನ್ನೊಂದು ಅತ್ತ ಇತ್ತ.

— ಸ್ವಲ್ಪ ಕೆಳಗಿದೆ. ಅರ್ಧ ಸುತ್ತು... ಇನ್ನೊಂದು ಕಾಲು. ಕೂತ್ಕೊಂತು, ಗೆರೆ ಮೇಲೇ ಗೆರೆ. ಈಗ ಗೋಣಿ ಈ ಕಡೆ ಹಾಕಿ ಡ್ರೈವರ್ ಸೈಡಿಂದು ನೋಡೋಣ. ಅದು ಕಂಪನಿಯಿಂದ ಬಂದ ಹಾಗೇ ಇದೆ, ಸರಿ ಇರತ್ತೆ.

— ಹೂಂ. ಅದು ಬಿಡು, ಅದನ್ನೇನೂ ಮುಟ್ಟೋದು ಬೇಡ.

— ನೋಡೋದ್ರಲ್ಲೇನಿದೆ... ಮಾವ, ಇದೇನಿದು? ಗೆರೆ 66ರ ಮೇಲಿದೆ. ಎಂಟು ಸೆಂಟಿಮೀಟರ್ ಮೇಲೆ!

— ಗಾಲಿ ಸೊನ್ನೆಯಲ್ಲಿದ್ಯಾ?

— ಸೊನ್ನೆಯಲ್ಲೇ ಇದೆ. ಐದು ಮೀಟರಿಗೆ ಎಂಟು ಅಂದ್ರೆ ನಲವತ್ತು ಮೀಟರಿಗೆ ಅರವತ್ನಾಲ್ಕು. ಅದಕ್ಕೆ 66 ಸೇರಿಸಿದ್ರೆ ನೆಲದಿಂದ 130. ಎದುರಿನ ಕಾರಲ್ಲಿ ಕೂತೋರ ಕಣ್ಣು ಹೆಚ್ಚು ಕಡಿಮೆ ಅಲ್ಲೇ ಇರತ್ತೆ. ಅಯ್ಯೋ! ಅದಕ್ಕೇನಾ ಒಂದು ವರ್ಷದಿಂದ ಎದುರಿಗೆ ಬಂದೋರೆಲ್ಲ ನಂಗೆ ಲೈಟ್ ಮಿಟುಕಿಸ್ತಿದ್ದಿದ್ದು? ನಾನು ಡಿಮ್ಮಲ್ಲೇ ಇದೀನಿ, ಇವರಿಗೇನು ಕೊಬ್ಬು ಅಂತ ಬೈಕೊಂಡು ಬ್ರೈಟ್ ಹಾಕಿ ತೋರಿಸ್ತಿದ್ದೆ.

— ...

— ಮಾವ, ಯಾಕೆ ಸುಮ್ನಾದ್ರಿ?

— ಹೋದ ಮಳೆಗಾಲದಲ್ಲಿ ನಿನ್ನ ಬಲ್ಬ್ ಹೋಗಿತ್ತು ನೋಡು.

— ಹೂಂ, ನೀವೇ ಹಾಕಿದ್ರಿ.

— ಹಾಕಿದ್ಮೇಲೆ ಒಂದು ರೌಂಡ್ ಹೋಗಿದ್ದೆ. ಬೆಳಕು ತೀರಾ ಹತ್ತಿರ ಬೀಳ್ತಿದೆ, ಕೂಸು ರಾತ್ರಿ ಒಬ್ಬಳೇ ಬರ್ತಾಳೆ, ದೂರ ಕಾಣ್ಲಿ ಅನ್ನಿಸ್ತು. ಎರಡು ಸುತ್ತು ಏರಿಸ್ದೆ.

— ಎರಡು ಸುತ್ತು!

— ಮೂರಿರ್ಬಹುದು. ಅಂಬಾಸಿಡರಿನ ಅಭ್ಯಾಸ. ಆಗ ಬೆಳಕೇ ಇರ್ತಿರಲಿಲ್ಲ ಮಾರಾಯ್ತಿ, ಇದ್ದಿದ್ದನ್ನ ದೂರ ಎಸೀಬೇಕಿತ್ತು. ರಾತ್ರಿ ಹನ್ನೆರಡಕ್ಕೆ ಆಗುಂಬೆ ಘಾಟಿ ಇಳಿದ್ರೆ ಹದಿನಾಲ್ಕು ಹೇರ್‌ಪಿನ್ನಿನಲ್ಲಿ ಒಂದು ಗಾಡಿ ಸಿಕ್ಕಿದ್ರೆ ಹೆಚ್ಚು. ಸಿಕ್ಕಿದ್ರೂ ಮೊದಲೇ ಗೊತ್ತಾಗ್ತಿತ್ತು, ಕೆಳಗಿನ ತಿರುವಲ್ಲಿ ಮರದ ಮೇಲೆ ಬೆಳಕು ಓಡಾಡ್ತಿತ್ತಲ್ಲ. ಅವನು ಹತ್ತೋನು, ದಾರಿ ಅವನದ್ದು. ನಾನು ಪಕ್ಕಕ್ಕೆ ನಿಲ್ಸಿ ಲೈಟ್ ಪೂರ್ತಿ ಆರಿಸಿ ಪಾರ್ಕಿಂಗ್ ಮಾತ್ರ ಇಟ್ಕೋತಿದ್ದೆ. ಹತ್ತೋ ಗಾಡಿ ಮೂತಿ ಮೇಲಿರತ್ತೆ, ಡಿಮ್ಮಿದ್ರೂ ಕಣ್ಣಿಗೇ ಬರತ್ತೆ. ನೀನು ಗೋಡೆ ಮೇಲೆ ಹಾಕಿದ ಗೆರೆ ಅಲ್ಲಿ ನಡೆಯಲ್ಲ.

— ನೀವು ಆರಿಸ್ತಿದ್ರಿ. ಈಗ ಯಾರು ಆರಿಸ್ತಾರೆ?

— ಯಾರೂ ಆರಿಸಲ್ಲ. ನಾನೂ ಏರಿಸಿಟ್ಟೆ. ಇಳಿಸು, ಇಳಿಸು. ಸ್ಕ್ರೂಡ್ರೈವರ್ ಕೊಡು, ನಾನೇ ಇಳಿಸ್ತೀನಿ. ಏರಿಸಿದೋನು ನಾನು.

— ಬೇಡ, ನೀವು ಸೀಟಲ್ಲೇ ಇರಿ, ಎದ್ರೆ ಮೂತಿ ಏಳತ್ತೆ. ಒಂದು ಸುತ್ತು. ಎರಡು. ಮೂರು. ಇನ್ನೂ ಅರ್ಧ. ಮೂರೂವರೆ ಮಾವ!

— ಗೊತ್ತಾಯ್ತು. ಜೋರಾಗಿ ಹೇಳಬೇಡ.

— ಈಗ ಎರಡೂ ಗೆರೆ ಒಂದೇ ಎತ್ತರ. ಗೋಣಿ ತೆಗೆದೆ.

— ಗೋಡೆ ಸುಳ್ಳು ಹೇಳಲ್ಲ, ಆದ್ರೂ ನಂಗೆ ಮನುಷ್ಯನ ಕಣ್ಣಲ್ಲಿ ನೋಡ್ಬೇಕು. ಕಾರು ತಿರುಗಿಸಿ ತೋಟದ ದಾರಿ ಕಡೆ ಮುಖ ಮಾಡಿ ನಿಲ್ಸು. ನಾನು ಆ ಕೊನೆಯಲ್ಲಿ ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ಕಾರಲ್ಲಿ ಕೂತಷ್ಟೇ ಎತ್ತರ.

— ಸ್ಟೂಲ್ ಬಲಕ್ಕೆ ಹಾಕ್ಕೊಳಿ, ಎದುರಿನ ಗಾಡಿ ಬರೋ ಕಡೆ. ಎಡಕ್ಕೆ ಕೂತ್ರೆ ಏರಿದ ಗೆರೆ ಹೊಡೆಯತ್ತೆ. ಕೂತ್ರಾ? ಡಿಮ್ ಹಾಕ್ದೆ!

— ಹೂಂ. ಮಂಡಿಯವರೆಗೆ ಬೆಳಕಿದೆ. ನಿನ್ನ ಮುಖವೂ ಕಾಣ್ತಿದೆ.

— ಕಣ್ಣಿಗೆ ಹೊಡೀತಾ?

— ಇಲ್ಲ. ಎರಡು ಹಣತೆ ಇಟ್ಟ ಹಾಗಿದೆ. ಪಂಚೆ ಮೇಲಿನ ಅಡಿಕೆ ಕಲೆ ಎಲ್ಲ ಕಾಣತ್ತೆ, ಕಣ್ಣಿಗೆ ಏನಿಲ್ಲ. ಬ್ರೈಟ್ ಹಾಕು ಒಂದ್ಸಲ. ಅಬ್ಬಾ! ಸಾಕು, ಸಾಕು, ಇಳಿಸು.

— ಇಳಿಸ್ದೆ. ಈಗ ಒಪ್ತೀರಾ?

— ಒಪ್ಪಿದೆ. ಹೊಸದು ಹಳೇದು ಒಂದೇ ಥರ ಇಲ್ಲ ಅಷ್ಟೇ. ಕ್ಲೀನರ್ ಸೈಡಿಂದು ಹಾಲಿನ ಹಾಗಿದೆ, ಡ್ರೈವರ್ ಸೈಡಿಂದು ಚಹಾದ ಹಾಗಿದೆ.

— ಮುಂದಿನ ತಿಂಗಳು ಸಂಬಳ ಬಂದ ಮೇಲೆ ಅದೂ ಬದಲಾಯಿಸೋಣ. ಹೇಗೂ ಮುಕ್ಕಾಲು ಗಂಟೆ ಕೆಲಸ.

— ಯಾರಪ್ಪಾ ಅದು ಕಣ್ಣಿಗೆ ಬಿಡ್ತಿರೋದು? ಡಿಮ್ ಮಾಡಿ!

— ಅತ್ತೆ! ತೋಟದಿಂದ ಬಂದ್ರಾ? ಡಿಮ್ಮೇ ಇರೋದು ಅತ್ತೆ!

— ಡಿಮ್ಮಂತೆ. ಮೆಟ್ಲು ಹತ್ತಿ ತಲೆ ಎತ್ತಿದ್ರೆ ಸೂರ್ಯ ಇಟ್ಟ ಹಾಗಿದೆ. ಕೆಳಗಿನ ಮೆಟ್ಲು ಕಾಣ್ತಿಲ್ಲ ನಂಗೆ, ಕೈಯಲ್ಲಿ ಹಾಲಿನ ಕ್ಯಾನಿದೆ.

— ನೀನು ಕೆಳಗಿಂದ ಬಂದೆ ಕಣೇ, ಅಂಗಳದ ಮಟ್ಟಕ್ಕೆ ತಲೆ. ಗೆರೆ ಇರೋದು ಇಲ್ಲಿ ಮೇಲೆ...

— ಗೆರೆ ಗಿರೆ ಆಮೇಲೆ ಹೇಳಿ. ಈಗ ಆರ್ಸಿ.

— ಆರಿಸು ಕೂಸೆ. ಪೂರ್ತಿ ಆರಿಸು. ಹತ್ತಿ ಬರ್ತಿರೋರದ್ದು ದಾರಿ.